ಸ್ವರದ ತಲೆ ಉದುರದಂತೆ: ಇಟಲಿಯ ಸಂಗೀತ ಹಸ್ತಪ್ರತಿಗಳ ದುರಸ್ತಿ

ನೇಪಲ್ಸ್, ವೆನಿಸ್‌ಗಳ 18ನೇ ಶತಮಾನದ ಒಪೆರಾ ಹಸ್ತಪ್ರತಿಗಳಲ್ಲಿ ಕಾಗದ ಸಾಮಾನ್ಯವಾಗಿ ಗಟ್ಟಿಯೇ, ಚಿಂದಿ ಬಟ್ಟೆಯ ನಾರಿನದ್ದು. ಕೆಡುಕು ಇರುವುದು ಶಾಯಿಯಲ್ಲಿ. ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆಸಿದ ಆ ಶಾಯಿಯ ಆಮ್ಲ ನಾರನ್ನು ಕಡಿಯುತ್ತದೆ, ಮಿಕ್ಕ ಕಬ್ಬಿಣ ಆ ಕೆಲಸವನ್ನು ಇನ್ನೂ ಚುರುಕುಗೊಳಿಸುತ್ತದೆ. ಹಾಡಿನ ಸಾಹಿತ್ಯಕ್ಕಿಂತ ಸ್ವರದ ತಲೆಗಳೇ, ಅಂದರೆ ಸ್ವರಚಿಹ್ನೆಯ ದುಂಡು ಭಾಗಗಳೇ, ಮೊದಲು ಹೋಗುತ್ತವೆ, ಏಕೆಂದರೆ ಅಲ್ಲಿ ಶಾಯಿ ದಪ್ಪಗೆ ನಿಂತಿರುತ್ತದೆ. ತಲೆ ಉದುರಿದರೆ ಉಳಿಯುವುದು ಬರೀ ಕಡ್ಡಿ. ಯಾವ ಸ್ವರವೆಂದು ಹೇಳಲು ಬರುವುದಿಲ್ಲ.

ಮೊದಲು ಹಾಳೆಯ ಹಿಂಬದಿ ನೋಡುತ್ತೇನೆ. ಕಂದು ಬಣ್ಣ ಹಿಂದಕ್ಕೆ ಇಳಿದಿದ್ದರೆ ಆ ಹಾಳೆಯನ್ನು ಕೆಳಗೆ ರಟ್ಟಿನ ಆಸರೆ ಕೊಟ್ಟೇ ತಿರುಗಿಸುವುದು. ಆಮೇಲೆ ಕಬ್ಬಿಣವನ್ನು ಪತ್ತೆಹಚ್ಚುವ ಬಾಥೋಫೆನಾಂತ್ರೋಲಿನ್ ಎಂಬ ರಾಸಾಯನಿಕದ ಕಾಗದ ಪಟ್ಟಿಯ ಪರೀಕ್ಷೆ: ಪಟ್ಟಿಯನ್ನು ಶುದ್ಧೀಕರಿಸಿದ ನೀರಿನಲ್ಲಿ ಅದ್ದಿ, ಹೀರುಕಾಗದದಿಂದ ಒತ್ತಿ, ಶಾಯಿಯ ಮೇಲೆ ಅರ್ಧ ನಿಮಿಷ ಇಡಬೇಕು. ಗುಲಾಬಿ ಬಣ್ಣ ಬಂದರೆ ನೀರಿನಲ್ಲಿ ಕರಗುವ ಕಬ್ಬಿಣ ಇನ್ನೂ ಇದೆ ಎಂದರ್ಥ. ಅಂಥ ಕಡೆ ಗೋಧಿ ಗಂಜಿ ಬಳಿದು ತೇಪೆ ಹಾಕಿದರೆ, ನೀರಿನ ಜೊತೆ ಕಬ್ಬಿಣವೂ ಹರಿದು ಸುತ್ತಲಿನ ಒಳ್ಳೆಯ ಕಾಗದಕ್ಕೆ ಸೇರುತ್ತದೆ. ಹಾನಿ ಕಾಣಲು ವರ್ಷಗಳೇ ಬೇಕು, ಆದ್ದರಿಂದಲೇ ಈ ತಪ್ಪು ಮತ್ತೆ ಮತ್ತೆ ನಡೆಯುತ್ತದೆ.

ಅದಕ್ಕೆ ನಾನು ಜೆಲಟಿನ್ ತೇಪೆ ಬಳಸುತ್ತೇನೆ. ಬಿ ಮಾದರಿಯ (ಕ್ಷಾರದಲ್ಲಿ ಸಂಸ್ಕರಿಸಿದ) ಜೆಲಟಿನ್ 3 ಗ್ರಾಂ, ನೀರು 100 ಮಿ.ಲೀ. ತಣ್ಣೀರಿನಲ್ಲಿ ನೆನೆಸಿ, 40ರಿಂದ 50 ಡಿಗ್ರಿಗೆ ಬಿಸಿಮಾಡಿ, ಪಾಲಿಯೆಸ್ಟರ್ ಹಾಳೆಯ ಮೇಲೆ ತೆಳ್ಳಗೆ ಬಳಿದು, ಅದರ ಮೇಲೆ ಚದರ ಮೀಟರಿಗೆ 2 ಗ್ರಾಂ ತೂಗುವ ಜಪಾನಿ ಕಾಗದ ಹಾಸಿ ಒಣಗಿಸುವುದು. ಬೇಕಾದಷ್ಟನ್ನು ಕತ್ತರಿಸಿ, ಒದ್ದೆ ಸ್ಪಂಜಿನ ಮೇಲಿಟ್ಟ ಹೀರುಕಾಗದಕ್ಕೆ ಕೆಲವೇ ಸೆಕೆಂಡು ತಾಕಿಸಿ, ಬಿರುಕಿನ ಹಿಂಬದಿಗೆ ಕೂರಿಸಿ, ಒಣ ಹೀರುಕಾಗದ ಇಟ್ಟು ಭಾರ ಹೇರುತ್ತೇನೆ. ತೇಪೆ ಹೊಳೆಯುವಷ್ಟು ಒದ್ದೆಯಾದರೆ ಅದನ್ನು ಎಸೆದು ಹೊಸದು ಕತ್ತರಿಸಬೇಕು.

ಹಾಳೆಯನ್ನು ದ್ರಾವಣದಲ್ಲಿ ಮುಳುಗಿಸುವ ಕ್ಯಾಲ್ಸಿಯಂ ಫೈಟೇಟ್ ಸ್ನಾನ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ನಿಜ. ಆದರೆ ಅದಕ್ಕೆ ಹೊಲಿಗೆ ಬಿಚ್ಚಬೇಕು. ಹೊಲಿಗೆಯೂ ಹಾಳೆಗಳ ಜೋಡಣೆಯೂ ಸೇರಿ ಯಾವ ಆರಿಯಾವನ್ನು (ಒಪೆರಾದ ಒಂಟಿ ಹಾಡು) ನಂತರ ಸೇರಿಸಿದರು, ಯಾವುದನ್ನು ತೆಗೆದರು ಎಂದು ಹೇಳುತ್ತವೆ. ಬಿಡಿ ಹಾಳೆಗಳಿಗಲ್ಲದೆ ನಾನು ಅದನ್ನು ಒಪ್ಪುವುದಿಲ್ಲ.

ತಿದ್ದುಪಡಿಗಾಗಿ ಅಂಟಿಸಿದ ಚೀಟಿಗಳನ್ನು ಕೀಳಬಾರದು. ಹಿಂದಿನಿಂದ ಬೆಳಕು ಬಿಟ್ಟು ಫೋಟೋ ತೆಗೆದರೆ ಅಡಿಯ ಸ್ವರಗಳು ಬಹುಮಟ್ಟಿಗೆ ಕಾಣುತ್ತವೆ. ವೆನಿಸ್ ಕಾಗದ ತಯಾರಿಸುವಾಗಲೇ ಅದರಲ್ಲಿ ಮೂಡಿಸಿದ ಮೂರು ಚಂದ್ರರ ನೀರುಗುರುತೂ ಅದೇ ಬೆಳಕಿನಲ್ಲಿ ಸಿಗುತ್ತದೆ. ಶಾಯಿ ಆರಲೆಂದು ಆಗ ಉದುರಿಸಿದ ಮರಳು ಹೊಲಿಗೆ ಸಂದಿಯಲ್ಲಿ ಸಿಕ್ಕರೆ ಪುಟದ ಸಂಖ್ಯೆ ಬರೆದ ಪೊಟ್ಟಣದಲ್ಲಿ ಇಡುತ್ತೇನೆ.

ಕಪಾಟಿನಲ್ಲಿ 16ರಿಂದ 18 ಡಿಗ್ರಿ, ತೇವಾಂಶ ಶೇ. 45ರಿಂದ 50. ಶೇ. 65 ದಾಟಿದರೆ ಬೂಷ್ಟು ಹಿಡಿಯುವ ಭಯ, ಏರಿಳಿತವಾದರೆ ಬಿರುಕು ಬಿಟ್ಟ ಶಾಯಿ ಇನ್ನಷ್ಟು ಒಡೆಯುತ್ತದೆ. ಅಡ್ಡ ಆಕಾರದ ಸಂಪುಟಗಳನ್ನು ನಿಲ್ಲಿಸದೆ ಮಲಗಿಸಿಯೇ ಇಡಬೇಕು.