"ರೊಕ್ಕ ಬರೋದಾದ್ರ ಪಿನ್ ಯಾಕ?" ಹುಡುಗರ ಕೈಯಲ್ಲೇ ರೀಲ್ ಮಾಡಿಸಿ

ಆನ್‌ಲೈನ್ ಮೋಸದ ಬಗ್ಗೆ ಊರವರಿಗೆ ಹೇಳಬೇಕಾ? ಬ್ಯಾನರ್ ಆಮೇಲೆ ಮಾಡಿಸಿ. ಮೊದಲು ಕಾಲೇಜಿನ ನಾಲ್ಕೈದು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು, ಮನೆಯವರ ಫೋನಿಗೆ ಏನೇನು ಬಂದಿದೆ ಅಂತ ಕೇಳಿ. ಮದುವೆ ಕಾರ್ಡ್ ಅಂತ ಬಂದ ಎಪಿಕೆ ಫೈಲು (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು), ಪಿಎಂ ಕಿಸಾನ್ ಹೆಸರಿನ ಲಿಂಕು, ಮನೆಯಲ್ಲೇ ಕೂತು ದುಡಿಯಿರಿ ಎನ್ನುವ ಮೆಸೇಜು, ಹೀಗೆ ಒಂದೊಂದೇ ಹೊರಗೆ ಬರುತ್ತವೆ. ನಮ್ಮ ಕಲಬುರಗಿ, ಯಾದಗಿರಿ ಕಡೆ ಎಷ್ಟೋ ಮನೆಗಳ ಮಕ್ಕಳು ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗಿರುತ್ತಾರೆ. "ನಿಮ್ಮ ಮಗ ಪೊಲೀಸ್ ಕೈಗೆ ಸಿಕ್ಕಿದ್ದಾನೆ, ದುಡ್ಡು ಹಾಕಿ" ಅಂತ ಕರೆ ಬಂದರೆ ಊರಲ್ಲಿರುವ ತಾಯಿಗೆ ಹೇಗಾಗಬೇಡ?

ಒಂದು ರೀಲಿಗೆ ಒಂದೇ ಮಾತು. 30 ಸೆಕೆಂಡ್ ಸಾಕು. ಮಾತು ನಮ್ಮ ಮನೆಯದ್ದೇ ಇರಲಿ, ಉದಾಹರಣೆಗೆ ಒಬ್ಬ ಫೋನ್ ಮಾಡುತ್ತಾನೆ: "ಕಾಕಾ, ತೊಗರಿ ರೊಕ್ಕ ಕಳಸ್ಲತ್ತೀನಿ, ಪಿನ್ ಹಾಕ್ರಿ." ಕಾಕಾ ಕೇಳುತ್ತಾನೆ: "ರೊಕ್ಕ ನಂಗ ಬರೋದಾದ್ರ ಪಿನ್ ನಾ ಯಾಕ ಹಾಕ್ಲಿ?" ಅಷ್ಟೇ, ಮುಗಿಯಿತು. ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಿಲ್ಲ ಅನ್ನೋದು ಇದರಿಂದ ತಲೆಯಲ್ಲಿ ಉಳಿಯುತ್ತದೆ. ಇದನ್ನೇ ದಖನಿ ಉರ್ದುವಿನಲ್ಲಿ ಹೇಳುವ ಗೆಳೆಯ ಇದ್ದರೆ ಅವನಿಂದಲೂ ಮಾಡಿಸಿ, ಬೀದರ್ ಕಡೆಯಾದರೆ ಮರಾಠಿಯಲ್ಲೂ.

ಆದರೆ ಹುಡುಗರ ಸುರಕ್ಷತೆ ಮೊದಲು, ಇದರಲ್ಲಿ ರಾಜಿ ಬೇಡ. 18 ತುಂಬದವರಿದ್ದರೆ ಮನೆಯವರನ್ನು ಕೇಳಿಯೇ ಶುರು ಮಾಡಿ. ಮುಖ ತೋರಿಸಲು ಇಷ್ಟ ಇಲ್ಲ ಅಂದವರ ದನಿ ಸಾಕು. ಮೋಸ ಹೋದವರ ಹೆಸರು, ಫೋಟೋ ಬೇಡವೇ ಬೇಡ, ಸ್ಕ್ರೀನ್‌ಶಾಟ್‌ನಲ್ಲಿ ನಂಬರ್ ಮುಚ್ಚಿ. ತೋರಿಸುವುದಕ್ಕೆ ಅಂತಲೂ ಮೋಸದ ಲಿಂಕ್ ಒತ್ತಬಾರದು. ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ: ರೀಲ್ ನೋಡಿ ಯಾರಾದರೂ "ನನ್ನ ಫೋಟೋ ಇಟ್ಕೊಂಡು ಹೆದರಿಸ್ತಿದ್ದಾರೆ" ಅಂತ ಮೆಸೇಜ್ ಮಾಡಬಹುದು. ಅದನ್ನು ಹುಡುಗರು ಒಬ್ಬರೇ ಹೊರಬಾರದು. ಯಾವ ಮೇಷ್ಟ್ರಿಗೆ, ಯಾವ ಅಕ್ಕನಿಗೆ ಹೇಳಬೇಕು ಅಂತ ಮೊದಲೇ ಗೊತ್ತು ಮಾಡಿಡಿ. ತೊಂದರೆಯಲ್ಲಿ ಇರುವವರಿಗೆ ಹೇಳಬೇಕಾದ್ದು: ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ. ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಇನ್‌ಸ್ಟಾಗ್ರಾಮ್‌ಗೆ ಹಾಕಿ ಬಿಟ್ಟರೆ ಅವ್ವನಿಗೆ ತಲುಪಲ್ಲ, ಅಲ್ವಾ? ವಾಟ್ಸಾಪ್ ಸ್ಟೇಟಸ್, ಬೀಗರ ಗ್ರೂಪು, ಸ್ವಸಹಾಯ ಸಂಘದ ಗ್ರೂಪಿಗೂ ಹೋಗಲಿ.

ರೀಲ್ ಹಾಕಿದ ದಿನವೇ ಪ್ರತಿಯೊಬ್ಬರೂ ಮನೆಯ ಒಬ್ಬ ಹಿರಿಯರ ಪಕ್ಕ ಕೂರಲಿ. ಅವರ ವಾಟ್ಸಾಪನ್ನು ಬೇರೆಯವರು ಕೈವಶ ಮಾಡಿಕೊಳ್ಳದ ಹಾಗೆ ಬೀಗ ಹಾಕಿಕೊಡಲಿ: ವಾಟ್ಸಾಪ್ ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್, 6 ಅಂಕಿಯ ಪಿನ್. ಎರಡು ನಿಮಿಷದ ಕೆಲಸ. ದುಡ್ಡು ಹೋದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು, ಬೇಗ ಮಾಡಿದಷ್ಟೂ ಅದು ಮುಂದಿನ ಖಾತೆಗೆ ಜಾರುವ ಮೊದಲೇ ಬ್ಯಾಂಕಿನಲ್ಲಿ ತಡೆಯುವ ಅವಕಾಶ ಜಾಸ್ತಿ. ಆ ನಂಬರನ್ನು ಅವ್ವನ ಫೋನಿನಲ್ಲಿ "ರೊಕ್ಕ ಹೋದ್ರ" ಅಂತಲೇ ಸೇವ್ ಮಾಡಿಕೊಡಲಿ.