ಥೈರಾಯ್ಡ್ ಸುಸ್ತು: ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆ

ಒಂದು ಕಾಲಿಗೆ ಸಾಕ್ಸ್ ಹಾಕಿದ್ದೆ. ಇನ್ನೊಂದು ಕೈಯಲ್ಲೇ ಇತ್ತು. ಹಾಗೇ ಮಂಚದ ಅಂಚಿನಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಎಂಟು ಗಂಟೆಗೆ, ಅದೂ ರಾತ್ರಿ ಒಂಬತ್ತು ತಾಸು ಮಲಗಿ ಎದ್ದ ಮೇಲೆ! ಅವತ್ತೇ ಗಟ್ಟಿಯಾಯಿತು, ಇದು ಬರೀ ಸೋಮಾರಿತನ ಅಲ್ಲ ಅಂತ.

ಅದಕ್ಕೂ ಮೊದಲು ಆರೇಳು ತಿಂಗಳು ನನ್ನನ್ನು ನಾನೇ ಬೈದುಕೊಂಡಿದ್ದೆ. ತಲೆ ಬಾಚೋಕೆ ಕೈ ಎತ್ತಿದರೆ ಭುಜ ಸೋಲುತ್ತಿತ್ತು. ಎಲ್ಲರಿಗೂ ಸೆಕೆ ಆದರೆ ನನಗೆ ಚಳಿ. ಚರ್ಮ ಒಣಗಿತ್ತು, ಹೊಟ್ಟೆ ಸರಿಯಾಗಿ ಖಾಲಿಯಾಗುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 18 ಬಂತು. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬದಲಾದರೂ ಅದು ಸುಮಾರು 4ರ ಒಳಗಿರಬೇಕು. ಥೈರಾಯ್ಡ್ ಕೆಲಸ ಕಮ್ಮಿ ಮಾಡಿದಷ್ಟೂ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಜೋರಾಗಿ ಕೂಗಿ ಎಬ್ಬಿಸುತ್ತದೆ. ಆ ಕೂಗೇ ಟಿಎಸ್‌ಎಚ್. ಥೈರಾಯ್ಡ್ ವಿರುದ್ಧದ ಆಂಟಿಬಾಡಿ ಕೂಡ ಇತ್ತು, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ತನ್ನ ಥೈರಾಯ್ಡ್ ಮೇಲೆ ದಾಳಿ ಮಾಡುವ ಹಾಶಿಮೊಟೊ ಕಾಯಿಲೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯರ ಹೆಸರೇ ಇದಕ್ಕೆ ಬಂದಿದೆ. ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದಕ್ಕೇ ನನಗೆ ಅರ್ಧ ಸಮಾಧಾನ ಆಯಿತು ಅಂದರೆ ನೀವು ನಗಬಹುದು.

ವೈದ್ಯರು ಲಿವೊಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರು, ಥೈರಾಯ್ಡ್ ಮಾಡಬೇಕಾದ ಹಾರ್ಮೋನನ್ನೇ ಹೊರಗಿನಿಂದ ಕೊಡುವ ಮಾತ್ರೆ ಅದು. ನಾನು ಮಾತ್ರ ಊಟದಲ್ಲೇ ಸರಿ ಮಾಡ್ತೀನಿ ಅಂತ ಹೊರಟೆ. ಎಲೆಕೋಸು, ಹೂಕೋಸು ಬಿಟ್ಟೆ. ಗೋಧಿ ಬಿಟ್ಟೆ. ಅಯೋಡಿನ್ ಸಿಗಲಿ ಅಂತ ಕಡಲಪಾಚಿಯ ಕ್ಯಾಪ್ಸೂಲ್ ತಂದು ಒಂದು ತಿಂಗಳು ನುಂಗಿದೆ. ಎಲ್ಲಾ ವ್ಯರ್ಥ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಅಷ್ಟೇ. ನನ್ನ ಉಪ್ಪಿನಲ್ಲೇ ಅಯೋಡಿನ್ ಇತ್ತು. ಹಾಶಿಮೊಟೊ ಇರುವವರಿಗೆ ಅದು ಅತಿಯಾದರೆ ಥೈರಾಯ್ಡ್ ಇನ್ನೂ ಮಂಕಾಗಬಹುದು. ಬೇಯಿಸಿದ ಕೋಸನ್ನು ಹಿತಮಿತವಾಗಿ ತಿಂದರೆ ಏನೂ ತೊಂದರೆ ಇಲ್ಲ. ಗೋಧಿ ಬಿಡಬೇಕಾದದ್ದು ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯ ಗ್ಲುಟೆನ್ ಕರುಳಿಗೆ ಆಗದ ಕಾಯಿಲೆ ಇದ್ದವರು. ನನಗೆ ಅದು ಇರಲಿಲ್ಲ, ಸುಮ್ನೆ ಬಾಯಿ ಕಟ್ಟಿದ್ದೆ.

ಕೊನೆಗೆ ಮಾತ್ರೆ ಶುರು ಮಾಡಿದೆ. ಎಂಟು ವಾರ ನುಂಗಿದ ಮೇಲೂ ಟಿಎಸ್‌ಎಚ್ 9ರಲ್ಲೇ ನಿಂತಿತ್ತು. ಡೋಸ್ ಜಾಸ್ತಿ ಮಾಡುವ ಮೊದಲು ವೈದ್ಯರು ಒಂದೇ ಪ್ರಶ್ನೆ ಕೇಳಿದರು: ‘ಮಾತ್ರೆ ಹೇಗೆ ತಗೋತೀರಿ?’ ನಾನು ಹೆಮ್ಮೆಯಿಂದ ಹೇಳಿದೆ, ಒಂದು ದಿನವೂ ತಪ್ಪಿಸಿಲ್ಲ, ಬೆಳಗಿನ ಕಾಫಿ ಜೊತೆಗೇ ತಗೋತೀನಿ, ಅದರ ಹಿಂದೆಯೇ ಕ್ಯಾಲ್ಸಿಯಂ ಮಾತ್ರೆ ಅಂತ. ಅವರು ಪೆನ್ನು ಕೆಳಗಿಟ್ಟರು.

ಕಾಫಿ ಈ ಮಾತ್ರೆ ಮೈಗೆ ಸರಿಯಾಗಿ ಹತ್ತದ ಹಾಗೆ ಮಾಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಂತೂ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಅವಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಸೋಯಾ, ತುಂಬಾ ನಾರಿನ ಪದಾರ್ಥ ಕೂಡ ಅಡ್ಡ ಬರುತ್ತವೆ. ಅಂದರೆ ಇಷ್ಟು ದಿನ ನಾನು ಮಾತ್ರೆ ನುಂಗುತ್ತಿದ್ದೆ, ಮೈಗೆ ಸೇರುತ್ತಿದ್ದದ್ದು ಮಾತ್ರ ಅದರಲ್ಲಿ ಒಂದು ಪಾಲು.

ಮಾರನೇ ದಿನದಿಂದ ಮಾತ್ರೆ ಡಬ್ಬಿ ಅಡುಗೆಮನೆಯಿಂದ ತಲೆದಿಂಬಿನ ಪಕ್ಕಕ್ಕೆ ಬಂತು, ಜೊತೆಗೆ ಮುಚ್ಚಿಟ್ಟ ಒಂದು ಲೋಟ ನೀರು. ಆರಕ್ಕೆ ಅಲಾರಂ, ಮಾತ್ರೆ, ಮತ್ತೆ ಹೊದಿಕೆ ಒಳಗೆ. ಏಳಕ್ಕೆ ಕಾಫಿ. ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಆ ಒಂದು ಗಂಟೆ ಕಾಫಿ ಇಲ್ಲದೆ ಕಳೆಯುವುದು ಮೊದಲ ವಾರ ನರಕವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಎಂಟು ವಾರ ಬಿಟ್ಟು ನೋಡಿದರೆ, ಅದೇ ಡೋಸ್, ಟಿಎಸ್‌ಎಚ್ 3.1. ಈ ಹಾರ್ಮೋನಿನ ಅರ್ಧ ಭಾಗ ಮೈಯಿಂದ ಹೋಗೋಕೇ ಸುಮಾರು ಒಂದು ವಾರ ಬೇಕು. ಹಾಗಾಗಿ ಏನೇ ಬದಲಾಯಿಸಿದರೂ ಆರರಿಂದ ಎಂಟು ವಾರ ಕಾಯದೆ ಪರೀಕ್ಷೆ ಮಾಡಿಸಿ ಪ್ರಯೋಜನ ಇಲ್ಲ.

ಚಳಿ ಹೋಯಿತು, ಹೊಟ್ಟೆ ಸರಿಯಾಯಿತು. ಸುಸ್ತು ಮಾತ್ರ ಪೂರ್ತಿ ಹೋಗಲಿಲ್ಲ.

ಆಗ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನನ್ನ ಶಕ್ತಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಬರೆಯೋದು, ಅಷ್ಟೇ. ಮೂರು ವಾರದ ಪುಟಗಳನ್ನು ಒಟ್ಟಿಗೆ ನೋಡಿದಾಗ ಮೆಟ್ಟಿಲು ಹತ್ತಿದ ದಿನವೆಲ್ಲ ಅಂಕ ಬಿದ್ದಿತ್ತು, ಪಕ್ಕದಲ್ಲಿ ‘ಏದುಸಿರು’ ಅಂತ ನಾನೇ ಬರೆದಿದ್ದೆ. ಅದನ್ನೇ ವೈದ್ಯರಿಗೆ ತೋರಿಸಿದೆ. ಮೈಯಲ್ಲಿ ಕಬ್ಬಿಣ ಎಷ್ಟು ದಾಸ್ತಾನಿದೆ ಅಂತ ತೋರಿಸುವ ಫೆರಿಟಿನ್, ಜೊತೆಗೆ ಬಿ12 ವಿಟಮಿನ್ ನೋಡಿಸಿದರು. ಬಿ12 ಸರಿ ಇತ್ತು, ಫೆರಿಟಿನ್ 9. ಮೈಯಲ್ಲಿ ಕಬ್ಬಿಣದ ದಾಸ್ತಾನೇ ಇರಲಿಲ್ಲ! ಎಲ್ಲಾ ಸುಸ್ತನ್ನೂ ಥೈರಾಯ್ಡ್ ತಲೆಗೆ ಕಟ್ಟಿದ್ದು ನನ್ನ ದೊಡ್ಡ ತಪ್ಪು. ಕಬ್ಬಿಣದ ಮಾತ್ರೆ ಮಧ್ಯಾಹ್ನಕ್ಕೆ ಹಾಕಿಕೊಂಡೆ. ಊಟದಲ್ಲಿ ಕಾಳು, ಸೊಪ್ಪು, ಮೊಟ್ಟೆ ಜಾಸ್ತಿ ಮಾಡಿದೆ, ಸೊಪ್ಪಿಗೆ ನಿಂಬೆರಸ ಹಿಂಡಿದೆ, ಏಕೆಂದರೆ ಸಿ ವಿಟಮಿನ್ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಅಂಕ ಏರಲು ಮೂರು ತಿಂಗಳೇ ಹಿಡಿಯಿತು.

ನಡುವೆ ಇನ್ನೊಂದು ಎಡವಟ್ಟು. ಕೂದಲು ಉದುರುತ್ತದೆ ಅಂತ ಜಾಸ್ತಿ ಡೋಸಿನ ಬಯೋಟಿನ್ ಅನ್ನೋ ಬಿ ವಿಟಮಿನ್ ಶುರು ಮಾಡಿದ್ದೆ, ಯಾರಿಗೂ ಹೇಳಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ತಳ ಕಂಡಿತ್ತು. ಡೋಸ್ ಜಾಸ್ತಿಯಾಯಿತು ಅಂತ ಗಾಬರಿ. ನಿಜ ಏನಂದರೆ ಬಯೋಟಿನ್ ಕೆಲವು ಲ್ಯಾಬ್ ಪರೀಕ್ಷೆಗಳ ಲೆಕ್ಕವನ್ನೇ ಕೆಡಿಸುತ್ತದೆ. ನಿಲ್ಲಿಸಿ ಒಂದು ವಾರ ಬಿಟ್ಟು ಮತ್ತೆ ಮಾಡಿಸಿದಾಗ ಎಲ್ಲಾ ಸರಿಯಿತ್ತು. ಈಗ ಪರೀಕ್ಷೆಗೆ ಮುಂಚೆ ನುಂಗುವುದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ.

ವ್ಯಾಯಾಮದಲ್ಲೂ ಆತುರ ಮಾಡಿ ಕೆಟ್ಟೆ. ಮೊದಲ ದಿನವೇ 45 ನಿಮಿಷ ಓಡಿ, ಎರಡು ದಿನ ಹಾಸಿಗೆ ಹಿಡಿದೆ. ಆಮೇಲೆ ಹತ್ತು ನಿಮಿಷದ ನಡಿಗೆಗೆ ಇಳಿದೆ. ವಾರಕ್ಕೆ ಎರಡು ನಿಮಿಷ ಸೇರಿಸುತ್ತಾ ಹೋದೆ. ಮಾರನೇ ಬೆಳಗಿನ ಅಂಕ ಇಳಿದರೆ ಆ ವಾರ ಸೇರಿಸೋದಿಲ್ಲ. ಕುರ್ಚಿಯಿಂದ ಕೈ ಊರದೆ ಎಂಟು ಸಲ ಏಳೋದು, ಕೂರೋದು. ಇಷ್ಟೇನಾ ಅನಿಸುತ್ತೆ ಅಲ್ವಾ? ಮೊದಲ ದಿನ ಐದನೆಯದಕ್ಕೇ ತೊಡೆ ನಡುಗಿತ್ತು. ಮಧ್ಯಾಹ್ನದ ಎರಡು ಗಂಟೆಯ ನಿದ್ದೆಯನ್ನು ಇಪ್ಪತ್ತು ನಿಮಿಷಕ್ಕೆ ಕತ್ತರಿಸಿದ ಮೇಲೆ ರಾತ್ರಿ ನಿದ್ದೆ ಚೆನ್ನಾಗಿ ಬರತೊಡಗಿತು.

ಈಗ ಹೆಚ್ಚಿನ ದಿನ ಏಳು, ಎಂಟು ಅಂಕ. ಆಗೊಮ್ಮೆ ಈಗೊಮ್ಮೆ ನಾಲ್ಕು ಬರುತ್ತದೆ. ಅವತ್ತು ನಡಿಗೆ ಐದೇ ನಿಮಿಷ, ಪಾತ್ರೆ ಸಿಂಕಿನಲ್ಲೇ ಇರುತ್ತವೆ. ಎರಡು ಮೂರು ವಾರ ಹಾಗೇ ಮುಂದುವರಿದರೆ ರಕ್ತ ಕೊಟ್ಟು ಬರುತ್ತೇನೆ. ಡೋಸ್ ಮಾತ್ರ ನನ್ನಷ್ಟಕ್ಕೆ ನಾನು ಮುಟ್ಟುವುದಿಲ್ಲ.