ಕ್ರಾಕೋವ್‌ನಲ್ಲಿ ಅಪಾರ್ಟ್‌ಮೆಂಟ್ ಹೋಟೆಲ್: ಹುಬ್ಬಳ್ಳಿ-ಧಾರವಾಡದಿಂದ ಹೊರಡುವವರಿಗೆ

ಪೋಲೆಂಡಿನ ಕ್ರಾಕೋವ್‌ಗೆ ಹೊರಟಿದ್ದೀರಾ, ಅದರಲ್ಲೂ ಅಪ್ಪ-ಅವ್ವನನ್ನು ಕರೆದುಕೊಂಡು? ಹಾಗಾದರೆ ಬರೀ ರೂಮ್ ಇರುವ ಹೋಟೆಲ್ ಬಿಡಿ, ಅಪಾರ್ಟ್‌ಮೆಂಟ್ ಹೋಟೆಲ್ ನೋಡಿ, ಅಂದರೆ ಕೆಲವು ದಿನಕ್ಕೆ ಬಾಡಿಗೆಗೆ ಸಿಗುವ ಪೂರ್ತಿ ಮನೆ. ನನ್ನ ಮಟ್ಟಿಗೆ ಕಾರಣ ಒಂದೇ, ಅಡುಗೆಮನೆ. ಎರಡು ದಿನ ಬ್ರೆಡ್ಡು-ಚೀಸು ನಡೆಯುತ್ತದೆ. ಆಮೇಲೆ "ಒಂದೀಟು ಅನ್ನ-ಸಾರು ಸಿಗ್ತದೇನೋ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಇಂಥ ಮನೆಗಳು ಹೆಚ್ಚಾಗಿ ಹಳೇ ಊರಿನ ನೂರಾರು ವರ್ಷದ ಕಟ್ಟಡಗಳಲ್ಲಿವೆ. ಫೋಟೋದಲ್ಲಿ ಎತ್ತರದ ಮಾಳಿಗೆ, ಮರದ ನೆಲ, ಮೂಲೆಯಲ್ಲಿ ಟೈಲ್ಸ್ ಹಚ್ಚಿದ, ಕೋಣೆ ಬೆಚ್ಚಗಿಡುವ ಹಳೇ ಒಲೆ ಚಂದ ಕಾಣುತ್ತವೆ. ಆ ಒಲೆ ಈಗ ನೋಡಲಿಕ್ಕೆ ಮಾತ್ರ, 2019ರ ಸೆಪ್ಟೆಂಬರ್‌ನಿಂದ ಊರಲ್ಲಿ ಕಲ್ಲಿದ್ದಲು, ಕಟ್ಟಿಗೆ ಸುಡುವುದನ್ನೇ ನಿಷೇಧಿಸಿದ್ದಾರೆ. ಆದರೆ ಮೆಟ್ಟಿಲಿನ ಫೋಟೋ ಯಾರೂ ಹಾಕುವುದಿಲ್ಲ! ಲಿಫ್ಟ್ ಇದೆಯಾ ಅಂತ ಮೊದಲು ಕೇಳಿ. ಮಾಳಿಗೆ ಎತ್ತರ ಅಂದಮೇಲೆ ಮೆಟ್ಟಿಲೂ ಜಾಸ್ತಿ, ಮೂರನೇ ಮಹಡಿ ಅಂದರೆ ಮೊಣಕಾಲು ನೋವಿರುವ ಅವ್ವನಿಗೆ ಅದೇ ಒಂದು ಯಾತ್ರೆ.

ಎರಡನೇ ಪ್ರಶ್ನೆ, ಕಿಟಕಿ ಯಾವ ಕಡೆಗಿದೆ? ರಸ್ತೆ ಕಡೆಯೋ, ಒಳಗಿನ ಅಂಗಳದ ಕಡೆಯೋ? ಊರ ನಡುವಿನ ದೊಡ್ಡ ಚೌಕ ರಿನೆಕ್ ಗ್ಲೂವ್ನಿ, ಒಂದೊಂದು ಬದಿ ಸುಮಾರು 200 ಮೀಟರ್. ಅದಕ್ಕೆ ಹತ್ತಿಕೊಂಡೇ ಮನೆ ಹಿಡಿಯುವುದು ನಮ್ಮ ದುರ್ಗದಬೈಲಿನ ಮೇಲೆ ಹಾಸಿಗೆ ಹಾಕಿದ ಹಾಗೆ. ರಾತ್ರಿ ಕುಡಿದು ಹಾಡುವವರು ಇರುತ್ತಾರೆ, ಸೇಂಟ್ ಮೇರಿ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಕಹಳೆ ಊದುತ್ತಾರೆ, ಅದೂ ಹಗಲು ರಾತ್ರಿ ಬಿಡದೆ, ನಾಲ್ಕು ದಿಕ್ಕಿಗೂ ಒಂದೊಂದು ಸಲ. ರಾಗ ನಡುವೆಯೇ ನಿಂತುಬಿಡುತ್ತದೆ, ಗಾಬರಿ ಬೇಡ, ಅದು ಅಲ್ಲಿನ ಸಂಪ್ರದಾಯ. ಅಂಗಳದ ಕಡೆಯ ಕೋಣೆಗೆ ಬೆಳಕು ಸ್ವಲ್ಪ ಕಡಿಮೆ, ಆದರೆ ನಿದ್ದೆ ಬರುತ್ತದೆ. ನನ್ನನ್ನು ಕೇಳಿದರೆ ಹಳೇ ಯಹೂದಿ ಬಡಾವಣೆ ಕಾಜಿಮಿಯೆಶ್ ಒಳ್ಳೆಯದು. ಅಲ್ಲಿಂದ ವಾವೆಲ್ ಕೋಟೆಗೆ ನಡೆದೇ ಹೋಗಬಹುದು, ಟ್ರಾಮ್ ಕೂಡ ಹತ್ತಿರ.

ಬುಕ್ ಮಾಡುವಾಗ ದುಡ್ಡು ವಾಪಸ್ ಕೊಡುವಂಥದ್ದನ್ನೇ ಆರಿಸಿ. ಪೋಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಉಳಿಯುವ ಜಾಗದ ದಾಖಲೆ ಬೇಕು, ವೀಸಾ ಸಿಗದಿದ್ದರೆ ಬಾಡಿಗೆ ಕೈ ಬಿಟ್ಟುಹೋಗಬಾರದಲ್ವಾ? ಕನಿಷ್ಠ 30,000 ಯೂರೋದ ಪ್ರವಾಸ ವಿಮೆಯೂ ಬೇಕು. ಅಲ್ಲಿ ನಡೆಯುವ ದುಡ್ಡು ಮಾತ್ರ ಯೂರೋ ಅಲ್ಲ, ಜ್ಲೋಟಿ.

ವಿಮಾನ ನಿಲ್ದಾಣದಿಂದ ಊರಿನ ಮುಖ್ಯ ಸ್ಟೇಷನ್‌ಗೆ ರೈಲಿನಲ್ಲಿ ಸುಮಾರು 20 ನಿಮಿಷ. ಹಳೇ ಊರು ಸ್ಟೇಷನ್ ಪಕ್ಕದಲ್ಲೇ ಇದೆ. ಒಳಗೆ ಎಷ್ಟೋ ಓಣಿಗಳಿಗೆ ಕಾರು ಬಿಡುವುದಿಲ್ಲ, ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಎಳೆಯಬೇಕು. ಗಾಲಿ ಗಟ್ಟಿ ಇರಲಿ.

ಬಾಗಿಲಲ್ಲಿ "ಬರ್ರಿ" ಅನ್ನಲು ಯಾರೂ ಇಲ್ಲದಿರಬಹುದು. ಮುಖ್ಯ ಗೇಟಿಗೆ ಒಂದು ಕೋಡ್, ಬೀಗದ ಕೈ ಇಟ್ಟ ಡಬ್ಬಿಗೆ ಇನ್ನೊಂದು ಕೋಡ್, ಎರಡನ್ನೂ ಫೋನಿಗೆ ಕಳಿಸುತ್ತಾರೆ. ಇಳಿದ ಕೂಡಲೇ ನೆಟ್ ಸಿಗದೇ ಹೋಗಬಹುದು, ಹಾಗಾಗಿ ಕಾಗದದ ಮೇಲೆ ಬರೆದುಕೊಳ್ಳಿ. ವಿಳಾಸದಲ್ಲಿ 12/5 ಅಂತಿದ್ದರೆ ಕಟ್ಟಡ 12, ಮನೆ 5.

ಇನ್ನು ಅಡುಗೆ. ರೊಟ್ಟಿ ಬಡಿಯುವ ಆಸೆ ಬಿಡಿ, ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅಗಸಿ ಪುಡಿ ಊರಿಂದಲೇ ಕಟ್ಟಿಕೊಳ್ಳಿ. ಯುರೋಪಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಪೇಡೆಯೂ ಖೋವಾದ್ದೇ, ಅದನ್ನು ಹಿಡಿದು ಕಸ್ಟಮ್ಸ್‌ನಲ್ಲಿ ಸುಮ್ನೆ ವಾದ ಯಾಕೆ? ಹಸಿ ಕರಿಬೇವೂ ನಡೆಯುವುದಿಲ್ಲ. ಅಕ್ಕಿ, ಮಸೂರ ಬೇಳೆ, ಉಳ್ಳಾಗಡ್ಡಿ, ಆಲೂಗಡ್ಡೆ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ. ಮಜ್ಜಿಗೆಯೂ ಸಿಗುತ್ತದೆ, ಡಬ್ಬಿಯ ಮೇಲೆ ಮಾಶ್ಲಾಂಕಾ ಅಂತ ಇರುತ್ತದೆ. ಉಪ್ಪು, ಜೀರಿಗೆ ಪುಡಿ ಹಾಕಿ ಕುಡಿಯಿರಿ, ಅಪ್ಪ ಖುಷಿಯಾಗುತ್ತಾರೆ. ಭಾನುವಾರ ಬಹುಪಾಲು ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಂತೆ ಮುಗಿಸಿ. ಮರೆತರೆ ಓಣಿ ಓಣಿಗೆ ಇರುವ ಝಾಬ್ಕಾ ಅಂಗಡಿಗಳಲ್ಲಿ ಯಾವುದಾದರೂ ಒಂದು ತೆರೆದಿರುತ್ತದೆ.

ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯುಮಿನಿಯಂ ಕುಕ್ಕರ್ ಕೆಲಸ ಮಾಡುವುದಿಲ್ಲ, ಅದಕ್ಕೆ ನಡೆಯುವಂಥ ಸಣ್ಣ ಸ್ಟೀಲ್ ಕುಕ್ಕರ್ ಒಯ್ಯಿರಿ. ಒಗ್ಗರಣೆಗೆ ಮುಂಚೆ ಕಿಟಕಿ ತೆರೆಯಿರಿ, ಮೆಣಸಿನಕಾಯಿ ಘಾಟಿಗಿಂತ ಹೊಗೆಯ ಅಲಾರಂ ಜೋರು. ಕಿಟಕಿಯ ಹಿಡಿಕೆ ಅಡ್ಡ ತಿರುಗಿಸಿದರೆ ಪೂರ್ತಿ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಮುರಿದು ಬಂತು ಅಂತ ಹೆದರಬೇಡಿ. ನಲ್ಲಿ ನೀರು ಕುಡಿಯಬಹುದು. ನಮ್ಮ ಸಪೂರ ಎರಡು ಪಿನ್ನಿನ ಚಾರ್ಜರ್ ಹಿಡಿಸುತ್ತದೆ, ಮೂರು ಪಿನ್ನಿಗೆ ಅಡಾಪ್ಟರ್ ಬೇಕು.

ಹೊರಗೆ ಉಣ್ಣುವ ದಿನ 'ಬಾರ್ ಮ್ಲೆಚ್ನಿ' ಹುಡುಕಿ. ಅಗ್ಗದ ಸಾದಾ ಖಾನಾವಳಿ. ಆಲೂಗಡ್ಡೆ, ಪನ್ನೀರಿನಂಥ ಚೀಸು ತುಂಬಿದ ಕಡುಬು 'ಪಿಯೆರೋಗಿ ರುಸ್ಕಿಯೆ' ಸಸ್ಯಾಹಾರಿಗಳಿಗೆ ಸರಿ, ಆದರೆ ಮೇಲೆ ಹುರಿದ ಹಂದಿ ಕೊಬ್ಬು ಉದುರಿಸುವುದುಂಟು. ಮೊದಲೇ ಬೇಡ ಅನ್ನಿ.

ಬಚ್ಚಲಿನ ಮಾತು ನಾಚಿಕೆ ಬಿಟ್ಟು ಹೇಳುತ್ತೇನೆ. ಶವರ್ ಜಾಗ ಬಿಟ್ಟರೆ ಉಳಿದ ನೆಲಕ್ಕೆ ನೀರು ಹೋಗುವ ಕಿಂಡಿ ಇರುವುದೇ ಅಪರೂಪ. ನಮ್ಮಂತೆ ತಂಬಿಗೆಯಿಂದ ನೀರು ಸುರಿದರೆ ಕೆಳಗಿನ ಮನೆಯ ಮಾಳಿಗೆ ಸೋರುತ್ತದೆ, ಬಿಲ್ಲು ನಿಮಗೇ ಬರುತ್ತದೆ. ಸಂಡಾಸಿನಲ್ಲಿ ನೀರಿನ ಪೈಪ್ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಒಯ್ಯಿರಿ. ಇದನ್ನು ಹಿರಿಯರಿಗೆ ಊರಲ್ಲೇ ಹೇಳಿಟ್ಟರೆ ಒಳ್ಳೆಯದು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗದ್ದಲ ಮಾಡಬಾರದು. ನಮ್ಮ ಗಡಿಯಾರ ಅಲ್ಲಿಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ತಾಸು ಮುಂದೆ, ಹಾಗಾಗಿ ಅವ್ವನಿಗೆ ನಸುಕಿನಲ್ಲೇ ಎಚ್ಚರವಾಗುತ್ತದೆ. ಎದ್ದವರು ಚಹಾ ಮಾಡಿಕೊಳ್ಳಲಿ, ಕುಕ್ಕರ್ ಸೀಟಿ 6ರ ನಂತರ ಆಗಲಿ.

ಬಿಡುವ ದಿನ ಬಾಂಡೆ ತೊಳೆದಿಡಿ, ಕಸ ಬೇರೆ ಮಾಡಿ ಹಾಕಿ: ಕಾಗದ ನೀಲಿ ಡಬ್ಬಿಗೆ, ಗಾಜು ಹಸಿರಿಗೆ, ಪ್ಲಾಸ್ಟಿಕ್ ಮತ್ತು ಲೋಹ ಹಳದಿಗೆ, ಹಸಿ ಕಸ ಕಂದು ಡಬ್ಬಿಗೆ, ಉಳಿದದ್ದು ಕಪ್ಪಿಗೆ. ಠೇವಣಿ ಕೊಟ್ಟಿದ್ದರೆ ಕೋಣೆಗಳ ಫೋಟೋ ತೆಗೆದುಕೊಂಡೇ ಬೀಗ ಹಾಕಿ. ವಿಮಾನ ರಾತ್ರಿಗಿದ್ದರೆ ಸಾಮಾನನ್ನು ಮುಖ್ಯ ಸ್ಟೇಷನ್ನಿನ ಲಾಕರ್‌ನಲ್ಲಿಟ್ಟು ಸಂಜೆವರೆಗೆ ತಿರುಗಾಡಬಹುದು.